ಕೃತಿಯ ಮೇಲಣ ಮಮಕಾರ

ಗಳಿಸಿದ ಹೊನ್ನನ್ನು ಬಿಟ್ಟುಕೊಡುವವರುಂಟು. ಮಾಡಿದ ಕೆಲಸದ ಮೇಲಣ ಮಮಕಾರವನ್ನು ಬಿಡುವವರು ವಿರಳ. ಹೊನ್ನಿನ ಆಸೆ ಆಸೆಯೆಂದೇ ತೋರುವುದು. ಕೃತಿಯ ಅಭಿಮಾನವಾದರೋ ನಿಷ್ಠೆಯ ವೇಷದಲ್ಲಿ ಬರುವುದು. ಲೋಕಹಿತಕ್ಕಾಗಿ ಮಾಡಿದ ಕೆಲಸ ಮಾಡಿದವನದೋ, ಲೋಕದ್ದೋ? ಸ್ಲೊವಾಕ್ ಜನರ ಕವಿಯೂ ಕ್ರೈಸ್ತ ಪಾದ್ರಿಯೂ ಆದ ಯಾನ್ ಹೊಲ್ಲಿಯ ಬಾಳು ಈ ಪ್ರಶ್ನೆಯನ್ನು ಎದುರಿಸಿತು.

ಯುರೋಪಿನ ಮಧ್ಯದಲ್ಲಿರುವ ಸ್ಲೊವಾಕ್ ನಾಡು ಆಗ ಹಂಗೇರಿ ರಾಜ್ಯಕ್ಕೆ ಸೇರಿದ್ದಿತು. ಜನರ ನುಡಿಗೆ ಅಲ್ಲಿ ಮನ್ನಣೆ ಅಲ್ಪ. 1787ರಲ್ಲಿ ಆಂಟೊನ್ ಬೆರ್ನೊಲಾಕ್ ಎಂಬ ಕ್ಯಾಥೊಲಿಕ್ ಪಾದ್ರಿ ಪಶ್ಚಿಮ ಭಾಗದ ಸ್ಲೊವಾಕ್ ನುಡಿಯನ್ನು ಆಧರಿಸಿ ಗ್ರಂಥಭಾಷೆಗೆ ನಿಯಮಗಳನ್ನು ರೂಪಿಸಿದನು. ಪ್ರಾಟೆಸ್ಟೆಂಟರು ಅದನ್ನೊಪ್ಪದೆ ಚೆಕ್ ಭಾಷೆಯಲ್ಲಿಯೇ ಬರೆಯುತ್ತಿದ್ದರು. ಹೀಗೆ ಒಂದೇ ಜನಾಂಗದ ಬರೆವಣಿಗೆ ಇಬ್ಭಾಗವಾಗಿದ್ದಿತು.

1785ರಲ್ಲಿ ಜನಿಸಿದ ಹೊಲ್ಲಿ ಬೆರ್ನೊಲಾಕನ ಭಾಷೆಯನ್ನೇ ಕೈಕೊಂಡನು. 1814ರಿಂದ ಮದುನಿತ್ಸೆ ಎಂಬ ಹಳ್ಳಿಯ ಪಾದ್ರಿಯಾಗಿದ್ದುಕೊಂಡು, ಸಮೀಪದ ತೋಪಿನ ಓಕ್ ಮರದ ನೆರಳಿನಲ್ಲಿ ಕಾವ್ಯ ರಚಿಸಿದನು. ವರ್ಜಿಲ್ ಮಹಾಕವಿಯ 'ಈನಿಡ್' ಕಾವ್ಯದ ಅವನ ಅನುವಾದ 1828ರಲ್ಲಿಯೂ, 'ಸ್ವಾತೊಪ್ಲುಕ್' ಮಹಾಕಾವ್ಯ 1833ರಲ್ಲಿಯೂ ಹೊರಬಂದುವು. ಹಳ್ಳಿಗರ ಮಾತೂ ಪ್ರಾಚೀನ ಮಹಾಕಾವ್ಯಗಳ ಛಂದಸ್ಸನ್ನು ಹೊರಬಲ್ಲುದೆಂದು ಇವು ತೋರಿಸಿದುವು. ಅವನ ಕವಿತೆಗಳ ನಾಲ್ಕು ಸಂಪುಟಗಳು 1841-42ರಲ್ಲಿ ಪ್ರಕಟವಾದುವು.

1843ರಲ್ಲಿ ಮದುನಿತ್ಸೆಗೆ ಬೆಂಕಿ ಬಿದ್ದಿತು. ಆರೋಗ್ಯಗೆಟ್ಟ ಹೊಲ್ಲಿ ದೊಬ್ರಾ ವೊದಾ ಗ್ರಾಮದ ಪಾದ್ರಿಯಾದ ಮಿತ್ರನ ಆಶ್ರಯ ಪಡೆದನು. ಅದೇ ವರ್ಷದ ಜುಲೈ ತಿಂಗಳಲ್ಲಿ ಲ್ಯುದೊವಿತ್ ಶ್ತೂರ್, ಹುರ್ಬಾನ್, ಹೊಜಾ ಎಂಬ ಮೂವರು ತರುಣರು ಅಲ್ಲಿಗೆ ಬಂದರು. ಮೂವರೂ ಪ್ರಾಟೆಸ್ಟೆಂಟರು. ಮಧ್ಯ ಭಾಗದ ನುಡಿಯನ್ನು ಆಧರಿಸಿ ಎಲ್ಲರಿಗೂ ಒಂದೇ ಗ್ರಂಥಭಾಷೆಯನ್ನು ಕಟ್ಟಲು ಅವರು ನಿಶ್ಚಯಿಸಿದ್ದರು. ಅದಕ್ಕೆ ಹಿರಿಯ ಕವಿಯ ಸಮ್ಮತಿ ಬೇಕಾಗಿದ್ದಿತು.

ಸಮ್ಮತಿಸುವುದೆಂದರೇನು? ಜೀವಮಾನವೆಲ್ಲ ಬರೆದುದರ ಭಾಷೆ ಹಳತಾಗಲೆಂದು ಒಪ್ಪಿದಂತೆ. ಮುಂದಿನವರಿಗೆ ತನ್ನ ಕಾವ್ಯ ದೂರವಾದೀತೆಂದು ತಿಳಿದೂ ಹರಸಿದಂತೆ. ಮನೆ ಬೆಂಕಿಯ ಪಾಲಾದುದು ವಿಧಿವಶ. ಇದಾದರೋ ತಾನೇ ಕೈಯಾರೆ ಕೊಡಬೇಕಾದುದು. ಹೊಲ್ಲಿ ಅವರನ್ನು ಆದರದಿಂದ ಬರಮಾಡಿಕೊಂಡು ಹರಸಿದನು.

ಇದು ಸ್ವಂತ ಕೃತಿಯನ್ನು ತುಚ್ಛೀಕರಿಸಿದುದಲ್ಲ. ಬರೆದುದನ್ನು ಅವನು ಅಲ್ಲಗಳೆಯಲಿಲ್ಲ. ಕೃತಿಯನ್ನು ತೊರೆಯುವುದು ಬೇರೆ, ಅದರ ಮೇಲಣ ಒಡೆತನವನ್ನು ತೊರೆಯುವುದು ಬೇರೆ. ಜನರ ನುಡಿಗೆ ಮಾನ ದೊರೆಯಲೆಂದು ದುಡಿದವನು, ಆ ಮಾನ ಮತ್ತೊಬ್ಬರ ಕೈಯಿಂದ ದೊರೆಯುವಾಗ ಮುನಿದರೆ, ಅವನು ದುಡಿದುದು ನುಡಿಗಾಗಿಯೋ ತನಗಾಗಿಯೋ?

ಹೊಲ್ಲಿ 1849ರಲ್ಲಿ ತೀರಿಕೊಂಡನು. ಶ್ತೂರನ ಭಾಷೆಯೂ ಇದ್ದಂತೆ ನಿಲ್ಲಲಿಲ್ಲ. ಅದನ್ನು ತಿದ್ದಿದ ರೂಪವೊಂದಕ್ಕೆ 1851ರಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಕೂಡಿ ಒಪ್ಪಿದರು. ಒಬ್ಬೊಬ್ಬರು ಕಟ್ಟಿದುದನ್ನೂ ಮುಂದಿನವರು ತಿದ್ದುತ್ತಲೇ ಬರುವರು. ಮಕ್ಕಳಿಗೆ ಮನೆಯನ್ನೊಪ್ಪಿಸುವ ಗೃಹಸ್ಥನೂ ಇದನ್ನು ನೆನೆಯಬೇಕು: ಕೊಟ್ಟ ಬಳಿಕ ಅವರು ಗೋಡೆ ಬದಲಿಸಿದರೆ ನೋಯುವುದು ಮನೆಯಲ್ಲ, 'ನನ್ನದು' ಎಂಬ ಭಾವ.