ನಗೆಯ ಋಣ

ಹಳೆಯ ನಾಟಕವಾಡುವ ಮಂಡಳಿ ಯಾರಿಗೆ ಋಣಿ: ಬರೆದವನಿಗೋ, ಎದುರು ಕುಳಿತವನಿಗೋ? ಗಿಲ್ಬರ್ಟ್ ಬರೆದು ಸಲಿವನ್ ಸಂಗೀತ ಕೂಡಿಸಿದ ಹಾಸ್ಯ ಗೀತನಾಟಕ ‘ಮಿಕಾಡೊ’ 1885ರಲ್ಲಿ ಲಂಡನ್ನಿನಲ್ಲಿ ರಂಗವೇರಿತು. ಡಾಯ್ಲಿ ಕಾರ್ಟ್ ಎಂಬ ವೃತ್ತಿಮಂಡಳಿ ಅದರ ಮಾತನ್ನೂ ಅಭಿನಯದ ಪದ್ಧತಿಯನ್ನೂ ದಶಕಗಟ್ಟಲೆ ಮಡಿಯಿಂದ ಕಾಯ್ದುಕೊಂಡು ಬಂದಿತು. ಆದರೂ ಅದರ ಹಾಡುಗಳಲ್ಲಿದ್ದ, ಕಪ್ಪುಜನರನ್ನು ಹೀಗಳೆಯುವ ಪದವೊಂದಕ್ಕೆ ಅಮೆರಿಕದಲ್ಲಿ ಆಕ್ಷೇಪ ಬಂದಾಗ, 1948ರಲ್ಲಿ ಮಂಡಳಿಯೇ ಅದನ್ನು ಬದಲಿಸಿತು.

ಇದು ಕವಿದ್ರೋಹವಲ್ಲ. ಗಿಲ್ಬರ್ಟ್ ಜಪಾನಿನ ವೇಷ ತೊಡಿಸಿ ನಗೆಗೀಡುಮಾಡಿದ್ದು ತನ್ನ ನಾಡಿನ ಅಧಿಕಾರದ ಡಂಭವನ್ನು. ದುರ್ಬಲನನ್ನು ಚುಚ್ಚುವ ಪದ ಆ ಗುರಿಗೆ ಬೇಕಿರಲಿಲ್ಲ. ಆದರೆ ಆ ವೇಷವೇ ಜಪಾನೀಯರನ್ನು ಹಾಸ್ಯಮಾಡುತ್ತದೆಂದು ಇಂದು ದೂರುವವರಿದ್ದಾರೆ. ಪದವನ್ನು ಬದಲಿಸಬಹುದು, ವೇಷವನ್ನು ಕಳಚಿದರೆ ನಾಟಕ ಉಳಿದೀತೆ? ಉಳಿಯದೆಂಬ ಭಯವಿದ್ದರೂ ಆ ದೂರನ್ನು ಕೇಳಲೇಬೇಕು. ಎದುರು ಕುಳಿತವನನ್ನು ನೋಯಿಸಿ ಗಳಿಸಿದ ನಗೆಯಿಂದ ಬರೆದವನ ಋಣವೂ ತೀರುವುದಿಲ್ಲ.