ಕೆರೆಯೂ ನಲ್ಲಿಯೂ

ಹಿಂದಿನವರು ಪ್ರಕೃತಿಯನ್ನು ಪೂಜಿಸುತ್ತಿದ್ದರು, ನಾವು ಅದನ್ನು ಸೂರೆಮಾಡುತ್ತಿದ್ದೇವೆ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕೇಳಲು ಹಿತವಾದ ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪೂರ್ತಿ ತಳ್ಳಿಹಾಕುವುದೂ ನನ್ನಿಂದಾಗದು.

ನಮ್ಮ ಬಯಲುಸೀಮೆಯ ಕೆರೆಗಳನ್ನೇ ನೋಡಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರ. ತೂಬೆತ್ತಿ ಗದ್ದೆಗದ್ದೆಗೂ ಪಾಲು ಹಂಚುವವನು ನೀರುಗಂಟಿ. ನೀರು ತಗ್ಗಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿದ್ದುದರಿಂದ, ಈ ಸಲ ಭತ್ತ ಬೇಡ, ರಾಗಿ ಸಾಕು ಎಂದು ಹೇಳಲು ಪಂಡಿತರು ಬೇಕಿರಲಿಲ್ಲ. ಇಂಥ ಸಮುದಾಯದ ಸ್ವತ್ತನ್ನು ಜನರು ತಾವೇ ಕಟ್ಟಳೆ ಮಾಡಿಕೊಂಡು ಕಾಪಾಡಬಲ್ಲರೆಂದು ತೋರಿಸಿಕೊಟ್ಟ ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಆ ಕಟ್ಟಳೆ ಮಾಡಿದವರು ಯಾರು? ಅನೇಕ ಊರುಗಳಲ್ಲಿ ನೀರುಗಂಟಿ ದಲಿತನೇ ಆಗಿದ್ದ. ಊರಿನ ಗದ್ದೆಗಳಿಗೆಲ್ಲ ನ್ಯಾಯವಾಗಿ ನೀರು ಬಿಟ್ಟವನಿಗೆ ಮೇಲ್ಜಾತಿಯವರ ಬಾವಿಗೆ ಕೊಡ ಇಳಿಬಿಡುವ ಹಕ್ಕಿರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆಯ ನೀರು ಕುಡಿಯಲು 1927ರಲ್ಲಿ ಅಂಬೇಡ್ಕರ್ ಅವರು ಸತ್ಯಾಗ್ರಹವನ್ನೇ ಹೂಡಬೇಕಾಯಿತು.

ನಲ್ಲಿ ಜಾತಿ ಕೇಳುವುದಿಲ್ಲ. ಇದು ಸಣ್ಣ ಗುಣವೇನಲ್ಲ. ಆದರೆ ಅದು ಬೇರೇನನ್ನೂ ಕೇಳುವುದಿಲ್ಲವೆಂಬುದೇ ತೊಡಕು. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳು ಎತ್ತಿ ತರಬೇಕು. ನಗರದ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನಾವು ಹರಿಯಬಿಟ್ಟ ಕೊಳಚೆ ಬೆಳ್ಳಂದೂರು ಕೆರೆಯಲ್ಲಿ ನೊರೆಯಾಗಿ ಎದ್ದಿತು. 2017ರಲ್ಲಿ ಆ ಕೆರೆಗೆ ಬೆಂಕಿಯೂ ಹತ್ತಿತು. 2018ರಿಂದ ನಮ್ಮ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಏರ್ಪಾಡಾಯಿತು. ನೀರಿನ ಹುಟ್ಟು ಎಲ್ಲಿ, ಕೊನೆ ಎಲ್ಲಿ ಎಂಬುದು ನಲ್ಲಿ ತಿರುಗಿಸುವ ಕೈಗೆ ತಿಳಿಯದು.

ಪ್ರಕೃತಿಯನ್ನೂ ಸಮಾಜವನ್ನೂ ಒಂದೇ ಲೆಕ್ಕದಲ್ಲಿಟ್ಟು ನೋಡುವ ‘ಸುಸ್ಥಿರತೆಯ ವಿಜ್ಞಾನ’ವೆಂಬ ಶಾಸ್ತ್ರ ಈ ಶತಮಾನದ ಆರಂಭದಲ್ಲಿ ರೂಪುಗೊಂಡಿದೆ. ಎಷ್ಟು ಮಳೆ ಇಂಗಿತು, ಎಷ್ಟು ನೀರನ್ನು ನಾವು ಮೇಲೆತ್ತಿದೆವು ಎಂದು ಅದು ಅಳೆದು ಹೇಳಬಲ್ಲದು. ಅಳತೆ ತಿಳಿದ ಮೇಲೆ ಕೊರತೆಯ ಭಾರವನ್ನು ಯಾರು ಹೊರಬೇಕೆಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು. ಹಿಂದೆ ಅದನ್ನು ಜಾತಿ ತೀರ್ಮಾನಿಸಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದಾಗ ಹಣ ತೀರ್ಮಾನಿಸಿತು: ಉಳ್ಳವರು ಟ್ಯಾಂಕರ್ ತರಿಸಿಕೊಂಡರು, ಇಲ್ಲದವರು ಕೊಡ ಹಿಡಿದು ಸಾಲಿನಲ್ಲಿ ನಿಂತರು.

ಆದಕಾರಣ ಕೆರೆಯ ಕಾಲಕ್ಕೆ ಹಿಂದಿರುಗೋಣವೆಂದು ನಾನು ಹೇಳಲಾರೆ. ನೀರುಗಂಟಿಯ ಒಂದು ನಿಯಮವನ್ನಷ್ಟೇ ನಲ್ಲಿಯ ಕಾಲಕ್ಕೆ ತಂದುಕೊಳ್ಳೋಣ: ನೀರು ತಗ್ಗಿದಾಗ ಎಲ್ಲರ ಪಾಲೂ ತಗ್ಗಬೇಕು. ಮನೆಯ ಮೇಲೆ ದೊಡ್ಡ ತೊಟ್ಟಿ ಕಟ್ಟಿಸಿಕೊಂಡಿರುವ ನನ್ನಂಥವರಿಂದಲೇ ಅದು ಮೊದಲಾಗಬೇಕೆಂದು ನನಗೆ ತೋರುತ್ತದೆ.