ಅಳೆಯುವವರ ಸಂಯಮ

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಫ್ರೀಸ್ಟೈಲ್ ಫೈನಲ್ ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೊಲ್ಹಾಪುರದ ಈಜುಪಟು ವೀರಧವಳ ಖಾಡೆ 22.47 ಸೆಕೆಂಡಿನಲ್ಲಿ ಗೋಡೆ ಮುಟ್ಟಿದರು. ಜಪಾನಿನ ಶುನಿಚಿ ನಕಾವೊ 22.46ರಲ್ಲಿ ಮುಟ್ಟಿದ್ದರು. ಕಂಚು ನಕಾವೊ ಅವರ ಕೊರಳಿಗೆ ಬಿತ್ತು, ಖಾಡೆಯವರ ಪಾಲಿಗೆ ಉಳಿದದ್ದು ನಾಲ್ಕನೆಯ ಸ್ಥಾನ. ನಡುವೆ ಇದ್ದ ಅಂತರ ಸೆಕೆಂಡಿನ ನೂರನೇ ಒಂದು ಪಾಲು. ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯಲು ಇದರ ಹತ್ತಾರು ಪಟ್ಟು ಹೊತ್ತು ಬೇಕು. ಇಷ್ಟು ಸಣ್ಣ ಕಾಲದ ಚೂರು ಇಬ್ಬರು ಮನುಷ್ಯರನ್ನು ಬೇರೆ ಮಾಡಬಲ್ಲುದೇ? ಮಾಡಬಲ್ಲುದಾದರೆ ಯಾವುದರಲ್ಲಿ ಬೇರೆ ಮಾಡಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ನಮ್ಮನ್ನು ಈಜುಕೊಳದಿಂದ ಬಹುದೂರ ಕರೆದೊಯ್ಯುತ್ತದೆ.

ಆ ಕ್ಷಣವನ್ನು ತುಸು ಹತ್ತಿರದಿಂದ ನೋಡೋಣ. ಓಟಗಾರನಿಗೆ ಪಕ್ಕದವನ ಎದೆ ತನಗಿಂತ ಮುಂದಿದೆಯೋ ಹಿಂದಿದೆಯೋ ಎಂಬುದು ಅರೆಗಣ್ಣಿಗಾದರೂ ಕಾಣುತ್ತದೆ. ಈಜುವವನಿಗೆ ಆ ಭಾಗ್ಯವೂ ಇಲ್ಲ. ಮುಖ ನೀರೊಳಗೆ, ಸುತ್ತ ನೊರೆ, ಕಿವಿಯಲ್ಲಿ ತನ್ನದೇ ರಭಸದ ಸದ್ದು. ಬೆರಳ ತುದಿ ಟಚ್‌ಪ್ಯಾಡನ್ನು ಒತ್ತಿದ ಮೇಲೂ ತಾನು ಎಷ್ಟನೆಯವನೆಂದು ಅವನಿಗೆ ತಿಳಿದಿರುವುದಿಲ್ಲ. ತಲೆ ಎತ್ತಿ, ಕನ್ನಡಕ ಸರಿಸಿ, ಏದುಸಿರು ಬಿಡುತ್ತ ಫಲಕದ ಕಡೆ ತಿರುಗಬೇಕು. ಆ ವೇಗದಲ್ಲಿ ಸೆಕೆಂಡಿನ ನೂರನೇ ಪಾಲೆಂದರೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು, ಬೆರಳಿನ ತುದಿಯ ಗೆಣ್ಣಿನಷ್ಟು. ಅದೇ ಕೂಟದ ಹೀಟ್ಸ್‌ನಲ್ಲಿ ಖಾಡೆ 22.43 ಸೆಕೆಂಡಿನಲ್ಲಿ ಈಜಿ ತಮ್ಮದೇ ರಾಷ್ಟ್ರೀಯ ದಾಖಲೆಯನ್ನು ಮುರಿದಿದ್ದರು. ಫೈನಲ್‌ನಲ್ಲೂ ಅಷ್ಟೇ ಕಾಲ ಬಂದಿದ್ದರೆ ಕಂಚು ಅವರದೇ ಆಗುತ್ತಿತ್ತು. ಹಾಗಾದರೆ ಅವರು ಸೋತದ್ದು ನಕಾವೊ ಎದುರೋ, ಹೀಟ್ಸ್‌ನಲ್ಲಿ ಈಜಿದ ತಮ್ಮ ಎದುರೋ?

ಇಲ್ಲಿ ಅಳತೆಯನ್ನು ದೂರುವುದು ಸುಲಭ. ಆದರೆ ಈಜಿನ ಅಳತೆಗೆ ಒಂದು ಚರಿತ್ರೆಯಿದೆ, ಅದನ್ನು ತಿಳಿದರೆ ದೂರುವ ಮನಸ್ಸು ಬದಲಾಗುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್‌ಕೀ ಇಬ್ಬರ ಕಾಲವೂ 4 ನಿಮಿಷ 31.98 ಸೆಕೆಂಡು ಎಂದೇ ಬಂತು. ಯಂತ್ರ ಅಲ್ಲಿಗೆ ನಿಲ್ಲಲಿಲ್ಲ. ಇನ್ನೊಂದು ಅಂಕಿಯಷ್ಟು ಆಳಕ್ಕೆ ಇಳಿದು, ಲಾರ್ಸನ್ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಷ್ಟು ಮುಂದೆ ಎಂದಿತು. ಚಿನ್ನ ಒಬ್ಬರಿಗೆ, ಬೆಳ್ಳಿ ಇನ್ನೊಬ್ಬರಿಗೆ ಹೋಯಿತು. ಆ ವೇಗಕ್ಕೆ ಅದು ಸುಮಾರು ಮೂರು ಮಿಲಿಮೀಟರ್ ದೂರ. ಸ್ಪರ್ಧೆ ಮುಗಿದ ಮೇಲೆ ಬಲ್ಲವರಿಗೆ ಒಂದು ಸಂದೇಹ ಕಾಡಿತು. ಕೊಳವನ್ನು ಕಟ್ಟಿದವರು ಗಾರೆಯವರು, ಗೋಡೆಗೆ ಹೊದಿಸಿದ್ದು ಹೆಂಚು. ಒಂದು ಲೇನ್ ಇನ್ನೊಂದಕ್ಕಿಂತ ಮೂರು ಮಿಲಿಮೀಟರ್ ಉದ್ದವಿಲ್ಲವೆಂದು ಯಾರು ಪ್ರಮಾಣ ಮಾಡಿ ಹೇಳಬಲ್ಲರು? ನಾವು ಅಳೆದದ್ದು ಈಜುವವರನ್ನೋ, ಗೋಡೆಯನ್ನೋ?

ಮುಂದೆ ನಿಯಮವೇ ಬದಲಾಯಿತು. ಸೆಕೆಂಡಿನ ನೂರನೇ ಪಾಲಿನವರೆಗೆ ನೋಡುವುದು, ಅಲ್ಲಿಗೂ ಸಮನಾದರೆ ಇಬ್ಬರೂ ಸಮ ಎಂದು ಒಪ್ಪುವುದು. ಇದರ ಅರ್ಥವನ್ನು ನಾವು ಸಾಕಷ್ಟು ಮನನ ಮಾಡಿಲ್ಲವೆಂದೇ ತೋರುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡುವ ಶಕ್ತಿ ಕೈಯಲ್ಲಿದ್ದೂ ನೋಡದಿರಲು ಮನುಷ್ಯ ತೀರ್ಮಾನಿಸಿದ ಅಪರೂಪದ ಸಂದರ್ಭ ಇದು. ಯಂತ್ರ ಹೇಳಬಲ್ಲದ್ದನ್ನೆಲ್ಲ ನ್ಯಾಯವೆಂದು ಒಪ್ಪಬೇಕಿಲ್ಲ, ನಾವು ಹೊಣೆ ಹೊರಬಲ್ಲಷ್ಟನ್ನೇ ನ್ಯಾಯವೆನ್ನೋಣ ಎಂಬ ವಿವೇಕ ಅದರಲ್ಲಿದೆ. ಅಳೆಯುವ ಜಾಣ್ಮೆ ಎಲ್ಲ ಕಾಲದಲ್ಲೂ ಇತ್ತು. ಎಲ್ಲಿ ನಿಲ್ಲಬೇಕೆಂಬ ತಿಳಿವು ಎಷ್ಟು ಜನರಲ್ಲಿತ್ತು?

ಆ ಸಂಯಮದ ಫಲವನ್ನು ಜಗತ್ತು 2016ರಲ್ಲಿ ರಿಯೋದಲ್ಲಿ ಕಂಡಿತು. 100 ಮೀಟರ್ ಬಟರ್‌ಫ್ಲೈನಲ್ಲಿ ಚಿನ್ನ ಗೆದ್ದವರು ಸಿಂಗಪುರದ ಜೋಸೆಫ್ ಸ್ಕೂಲಿಂಗ್. ಎರಡು ವರ್ಷ ಮೊದಲು ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯನ್ನು ಗೆದ್ದು ಬಂದ ಯುವಕ. ಅವರ ಹಿಂದೆ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೋಸ್, ಲಾಸ್ಲೊ ಚೆ ಮೂವರೂ 51.14 ಸೆಕೆಂಡಿನಲ್ಲಿ ಗೋಡೆ ಮುಟ್ಟಿದರು. ಮೂವರಿಗೂ ಬೆಳ್ಳಿ ಸಿಕ್ಕಿತು, ಕಂಚು ಯಾರಿಗೂ ಇಲ್ಲ. ಹಂಚಿಕೊಂಡದ್ದರಿಂದ ಆ ಬೆಳ್ಳಿಯ ತೂಕ ಕಡಿಮೆಯಾಯಿತೇ? ಮೂವರು ಕೈ ಹಿಡಿದು ಒಟ್ಟಿಗೆ ವೇದಿಕೆ ಹತ್ತಿದರೆ ಆ ಮೆಟ್ಟಿಲು ಕುಸಿಯುತ್ತದೆಯೇ?

ಸಮವೆಂದು ಒಪ್ಪಿದ ಮೇಲೂ ಆಯ್ಕೆ ಮಾಡಲೇಬೇಕಾದ ಸಂದರ್ಭ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಫೈನಲ್‌ಗೆ ಇರುವುದು ಎಂಟೇ ಲೇನ್, ಎಂಟನೆಯ ಜಾಗಕ್ಕೆ ಇಬ್ಬರು ಒಂದೇ ಕಾಲದಲ್ಲಿ ಬಂದರೆ ಏನು ಮಾಡುವುದು? ಈಜಿನ ಉತ್ತರ ಸರಳವಾಗಿದೆ: ಇಬ್ಬರನ್ನೂ ಮತ್ತೊಮ್ಮೆ ಈಜಿಸುತ್ತಾರೆ. ಹಳೆಯ ಈಜಿನ ಕೂದಲು ಸೀಳುವುದಿಲ್ಲ, ಹೊಸ ಅವಕಾಶ ಕೊಡುತ್ತಾರೆ. ದಣಿದ ಮೈಗೆ ಅದು ಶಿಕ್ಷೆಯಂತೆ ಕಾಣಬಹುದು, ಆದರೂ ಆ ಶಿಕ್ಷೆಯಲ್ಲೊಂದು ಗೌರವವಿದೆ. ತನ್ನ ಕೈಯಾರೆ ತನ್ನ ವಿಧಿಯನ್ನು ತೀರ್ಮಾನಿಸಿಕೊಳ್ಳುವ ಗೌರವ ಅದು. ನಮ್ಮ ಕೆಲವು ಪ್ರವೇಶ ಪರೀಕ್ಷೆಗಳಲ್ಲಿ ಅಂಕ ಸಮನಾದಾಗ ಹುಟ್ಟಿದ ತಾರೀಖು ನೋಡಿ ಹಿಂದೆ ಮುಂದೆ ಮಾಡಿದ್ದೂ ಉಂಟು. ಯಾವಾಗ ಹುಟ್ಟಿದೆ ಎಂಬುದು ಯಾರ ಪ್ರತಿಭೆ?

ಈಗ ನಮ್ಮ ಮನೆಯತ್ತ ತಿರುಗೋಣ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 624 ಬಂದ ಮಗುವಿಗೂ ಆ ಒಂದು ಅಂಕ ಎಲ್ಲಿ ಹೋಯಿತೆಂದು ಕೇಳುವ ಕಾಲ ಇದು. ಉತ್ತರಪತ್ರಿಕೆ ತಿದ್ದುವುದು ಒಂದು ಕೈ. ಆ ಕೈ ಮಧ್ಯಾಹ್ನದ ಹೊತ್ತಿಗೆ ದಣಿದಿರುತ್ತದೆ, ಒಂದೇ ಉತ್ತರಕ್ಕೆ ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು ಬರುವುದು ಯಾರಿಗೆ ಗೊತ್ತಿಲ್ಲ? ಮರುಮೌಲ್ಯಮಾಪನ ಎಂಬ ವ್ಯವಸ್ಥೆ ಇರುವುದೇ ಅದಕ್ಕೆ. ಹೀಗಿದ್ದೂ ಅರ್ಧ ಅಂಕದ ಮೇಲೆ ರ‍್ಯಾಂಕ್ ಕಟ್ಟುತ್ತೇವೆ, ದಶಮಾಂಶದ ಮೇಲೆ ಒಂದು ಬದುಕಿನ ದಿಕ್ಕನ್ನು ನಿಲ್ಲಿಸುತ್ತೇವೆ. ಸೌದೆ ತೂಗುವ ತಕ್ಕಡಿ ಹಿಡಿದು ಚಿನಿವಾರನ ಲೆಕ್ಕ ಹೇಳುವ ಸಾಹಸ ಇದು. ಕೊಳದ ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಈಜಿನವರು ಕೇಳಿಕೊಂಡಂತೆ ನಾವು ನಮ್ಮ ಗೋಡೆಗಳ ಬಗ್ಗೆ ಎಂದಾದರೂ ಕೇಳಿಕೊಂಡಿದ್ದೇವೆಯೇ?

ಆದರೆ ಒಂದು ಆಕ್ಷೇಪಣೆಯನ್ನು ದಾಟಿ ಹೋಗುವಂತಿಲ್ಲ. ಸಾವಿರದಲ್ಲಿ ಎರಡು ಪಾಲು ಅನ್ಯಾಯವಾದರೆ ನೂರರಲ್ಲಿ ಒಂದು ಪಾಲು ನ್ಯಾಯ ಹೇಗೆ? ಖಾಡೆಯವರಿಗೆ ಈ ಸಂಯಮದಿಂದ ಏನು ಸಿಕ್ಕಿತು? ಒಪ್ಪಬೇಕು, ಅವರಿಗೆ ಪದಕ ಸಿಗಲಿಲ್ಲ. ಎಲ್ಲಿಯಾದರೂ ಒಂದು ಗೆರೆ ಎಳೆಯದೆ ಸ್ಪರ್ಧೆಯೇ ಇಲ್ಲ, ಗೆರೆ ಎಳೆದಾಗ ಯಾರೋ ಒಬ್ಬರು ಅದರ ಆಚೆಗೆ ನಿಲ್ಲಲೇಬೇಕು. ಆದರೆ ಆ ಗೆರೆಯನ್ನು ಮೊದಲೇ ಎಳೆಯಲಾಗಿತ್ತು, ಎಲ್ಲರಿಗೂ ಒಂದೇ ಆಗಿತ್ತು, ಸಾವಿರದ ಪಾಲಿಗಿಂತ ಅಗಲವಾಗಿಯೂ ಇತ್ತು. ಬೆರಳ ಗೆಣ್ಣಿನಷ್ಟು ದೂರವನ್ನು ಈಜುವವನು ತನ್ನ ಕೈ ಚಾಚಿ ಗಳಿಸಬಲ್ಲ. ಮೂರು ಮಿಲಿಮೀಟರ್ ಗೋಡೆಯದೂ ಆಗಿರಬಹುದು. ಮನುಷ್ಯನ ಯತ್ನ ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಯವರೆಗೆ ಅಳೆಯುವುದು ನ್ಯಾಯ. ಅದರಾಚೆಗೆ ಅಳೆಯುವುದು ಅದೃಷ್ಟಕ್ಕೆ ಅಂಕ ಕೊಟ್ಟಂತೆ.

ಇಷ್ಟಾದರೂ ಆ ಅಳತೆ ಹೇಳಿದ್ದೆಷ್ಟು? ಆ ಹೊತ್ತಿನಲ್ಲಿ, ಆ ನೀರಿನಲ್ಲಿ, ಯಾರ ಬೆರಳು ಮೊದಲು ತಾಗಿತು ಎಂಬುದಷ್ಟೇ. 2010ರ ಗುವಾಂಗ್‌ಝೌ ಕೂಟದಲ್ಲಿ ಇದೇ ಖಾಡೆ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದಿದ್ದರು. 1986ರ ಸೋಲ್‌ನಲ್ಲಿ ಖಜಾನ್ ಸಿಂಗ್ ಬೆಳ್ಳಿ ತಂದ ಮೇಲೆ 24 ವರ್ಷ ಏಷ್ಯಾಡ್ ಈಜಿನಲ್ಲಿ ನಮಗೆ ಪದಕವೇ ಇರಲಿಲ್ಲ. ಆ ಕಂಚಿನ ನಂತರ ಖಾಡೆ ತಹಶೀಲ್ದಾರರಾದರು, ಕಡತಗಳ ನಡುವೆ ಕುಳಿತರು, ಬಹುಕಾಲದ ನಂತರ ಮತ್ತೆ ನೀರಿಗಿಳಿದು ಏಷ್ಯಾದ ಅತಿವೇಗದ ಎಂಟು ಜನರ ಸಾಲಿನಲ್ಲಿ ನಿಂತರು. ಆ ಮರಳುವಿಕೆಯನ್ನು ಯಾವ ಟಚ್‌ಪ್ಯಾಡ್ ಅಳೆಯುತ್ತದೆ? ಅಳೆಯದಿದ್ದರೆ ಅದು ಯಂತ್ರದ ದೋಷವಲ್ಲ. ಯಂತ್ರ ತನ್ನ ಕೆಲಸವನ್ನಷ್ಟೇ ಮಾಡಿತು. ನಾಲ್ಕನೆಯ ಸ್ಥಾನವನ್ನು ನಾಲ್ಕನೆಯ ಮನುಷ್ಯ ಎಂದು ಓದಿಕೊಳ್ಳುವ ತಪ್ಪು ನಮ್ಮದು.

ಅಳತೆ ನಮ್ಮನ್ನು ಯಾರ ಜೊತೆಗೆ ನಿಲ್ಲಿಸಿ ನೋಡುತ್ತದೆ ಎಂಬುದೂ ಮುಖ್ಯ. ನೇಪಾಳದ ಈಜುಗಾರ್ತಿ ಗೌರಿಕಾ ಸಿಂಗ್ 13ರ ವಯಸ್ಸಿನಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದಳು. ಆ ಕೂಟದ ಅತ್ಯಂತ ಕಿರಿಯಳು, ಮೊದಲ ಸುತ್ತಿನಾಚೆ ಹೋಗಲಿಲ್ಲ. 2019ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅದೇ ಹುಡುಗಿ ನಾಲ್ಕು ಚಿನ್ನ ಗೆದ್ದಳು. ಕಡಲೇ ಇಲ್ಲದ ನಾಡು, ನಾಲ್ಕು ವರ್ಷ ಹಿಂದಷ್ಟೇ ಭೂಕಂಪಕ್ಕೆ ನಡುಗಿದ ನಗರ. ನಿಜವಾದ ಗೌರಿಕಾ ಯಾರು? ರಿಯೋದಲ್ಲಿ ಹಿಂದುಳಿದವಳೋ, ಕಠ್ಮಂಡುವಿನಲ್ಲಿ ಗೆದ್ದವಳೋ? ಪ್ರಾದೇಶಿಕ ಕೂಟಗಳನ್ನು ಚಿಕ್ಕವರ ಒಲಿಂಪಿಕ್ಸ್ ಎಂದು ಹಗುರವಾಗಿ ಕಾಣುವವರಿದ್ದಾರೆ. ಆದರೆ ನೆರೆಯ ನಾಡುಗಳವರ ಜೊತೆ ನಿಂತು ತನ್ನ ಎತ್ತರ ನೋಡಿಕೊಳ್ಳುವುದಕ್ಕೂ ಒಂದು ಸತ್ಯವಿದೆ. ಜಗತ್ತಿನ ಅಳತೆ ನಾವು ಇನ್ನೂ ಹೋಗಬೇಕಾದ ದೂರವನ್ನು ಹೇಳಿದರೆ, ನೆರೆಹೊರೆಯ ಅಳತೆ ನಾವು ನಡೆದು ಬಂದ ದೂರವನ್ನು ಹೇಳುತ್ತದೆ. ಎರಡರಲ್ಲಿ ಒಂದನ್ನೇ ನಂಬಿದವರು ಒಂದೋ ಕುಗ್ಗುತ್ತಾರೆ, ಇಲ್ಲವೇ ಬೀಗುತ್ತಾರೆ.

ಕಾಲವೂ ಹೀಗೆಯೇ ಒಂದು ನೆರೆಹೊರೆ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ 100 ಮೀಟರ್ ಫ್ರೀಸ್ಟೈಲ್ ಚಿನ್ನ ಸಚಿನ್ ನಾಗ್ ಅವರದು. ಕಾಶಿಯ ಗಂಗೆಯಲ್ಲಿ ಕೈಬೀಸಿ ಬೆಳೆದವರು, 1947ರ ಕಲ್ಕತ್ತೆಯ ಗಲಭೆಯಲ್ಲಿ ಕಾಲಿಗೆ ಗುಂಡು ತಗುಲಿದರೂ ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಈಜಿದವರು. ದೆಹಲಿಯಲ್ಲಿ ಅವರ ಕಾಲ 1 ನಿಮಿಷ 4.7 ಸೆಕೆಂಡು. 2023ರಲ್ಲಿ ಹಾಂಗ್‌ಝೌನಲ್ಲಿ ಚೀನಾದ ಪ್ಯಾನ್ ಝಾನ್ಲೆ ಅದೇ ದೂರವನ್ನು 46.97 ಸೆಕೆಂಡಿನಲ್ಲಿ ಮುಗಿಸಿದರು. ಹದಿನೇಳು ಸೆಕೆಂಡಿಗೂ ಮಿಕ್ಕಿದ ಅಂತರ! ಅಂಕಿಗಳನ್ನಷ್ಟೇ ಅಕ್ಕಪಕ್ಕ ಇಟ್ಟರೆ ನಾಗ್ ಅವರ ಈಜು ಇಂದಿನ ಎಳೆಯರಿಗೂ ನಗು ತರಿಸಬಹುದು. ಆದರೆ ಏಷ್ಯಾಡ್ ಈಜಿನಲ್ಲಿ ಭಾರತಕ್ಕೆ ಅಂಥ ಚಿನ್ನವನ್ನು ಅವರ ನಂತರ ಇನ್ನೊಬ್ಬರು ತಂದಿಲ್ಲ. ಗುಂಡೇಟಿನ ಕಾಲು, ಆಗಷ್ಟೇ ಹುಟ್ಟಿದ ದೇಶ, ಆಗಿನ ತರಬೇತಿ, ಇವೆಲ್ಲವನ್ನೂ ಬಿಟ್ಟು ಬರಿಯ ಸೆಕೆಂಡು ಎಣಿಸಿದರೆ ನಾವು ಎಣಿಸಿದ್ದಾದರೂ ಏನನ್ನು?

ಇನ್ನು ನಿಯಮ ಮನುಷ್ಯನಿಗೆ ಬಾಗಿದ ಒಂದು ಮಾತು. ಎಡಗೈ ಪೂರ್ಣ ಬೆಳೆಯದೆ ಹುಟ್ಟಿದ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಬಟರ್‌ಫ್ಲೈ ಮತ್ತು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಏಕಕಾಲಕ್ಕೆ ಗೋಡೆ ಮುಟ್ಟಬೇಕೆಂಬುದು ಸಾಮಾನ್ಯ ನಿಯಮ. ಕೈಗಳ ಉದ್ದ ಬೇರೆಯಾದವರಿಗೆ ಪ್ಯಾರಾ ಈಜಿನಲ್ಲಿ ವಿನಾಯಿತಿಯಿದೆ: ಎರಡನ್ನೂ ಒಟ್ಟಿಗೆ ಮುಂದೆ ಚಾಚಿದರೆ ಸಾಕು, ಉದ್ದದ ಕೈ ಮುಟ್ಟಿದರೆ ಸಾಕು. ಈ ವಿನಾಯಿತಿಯಿಂದ ಸ್ಪರ್ಧೆ ಸಡಿಲವಾಗುವುದಿಲ್ಲ, ಅಲ್ಲೂ ಗಡಿಯಾರ ನೂರನೇ ಪಾಲನ್ನೇ ಎಣಿಸುತ್ತದೆ. ಯಾರನ್ನು ಯಾರೊಂದಿಗೆ ನಿಲ್ಲಿಸಬೇಕು ಎಂಬುದನ್ನು ಮೊದಲು ಯೋಚಿಸಿ, ಆಮೇಲೆ ಗಡಿಯಾರ ಚಾಲೂ ಮಾಡುತ್ತಾರೆ. ಯೋಚನೆ ಮೊದಲು, ಎಣಿಕೆ ಆಮೇಲೆ. ನಾವು ಬದುಕಿನಲ್ಲಿ ಈ ಕ್ರಮವನ್ನು ಎಷ್ಟು ಸಲ ತಿರುವುಮುರುವು ಮಾಡುತ್ತೇವೆ!

ಸ್ಪರ್ಧೆಯೇ ಬೇಡ, ಅಂಕವೇ ಬೇಡ ಎನ್ನುವವರ ಜೊತೆ ನಿಲ್ಲುವುದು ಕಷ್ಟ. ಅಳತೆಯಿಲ್ಲದಲ್ಲಿ ಪ್ರತಿಭೆಗಿಂತ ಪರಿಚಯ ಗೆಲ್ಲುತ್ತದೆ, ಬಡವರ ಮಕ್ಕಳಿಗೆ ಗಡಿಯಾರಕ್ಕಿಂತ ನಿಷ್ಪಕ್ಷಪಾತವಾದ ನ್ಯಾಯಾಧೀಶ ಸಿಗುವುದು ಅಪರೂಪ. ಆದ್ದರಿಂದ ಅಳೆಯೋಣ, ಶ್ರದ್ಧೆಯಿಂದಲೇ ಅಳೆಯೋಣ. ಆದರೆ ಅಧ್ಯಾಪಕರಾಗಲಿ, ಆಯ್ಕೆ ಸಮಿತಿಯವರಾಗಲಿ, ಅಪ್ಪ ಅಮ್ಮಂದಿರಾಗಲಿ, ಇನ್ನೊಬ್ಬರ ಬದುಕಿಗೆ ಗೆರೆ ಎಳೆಯುವ ಮುನ್ನ ತಮ್ಮ ಅಳತೆಗೋಲನ್ನು ಒಮ್ಮೆ ತಾವೇ ಅಳೆದು ನೋಡಬೇಕು. ಈ ವ್ಯತ್ಯಾಸ ಅವರ ಯತ್ನದ್ದೋ, ನಮ್ಮ ಗೋಡೆಯದೋ? ಉತ್ತರ ಖಚಿತವಾಗಿ ತಿಳಿಯದಾದಾಗ ಇಬ್ಬರನ್ನೂ ಸಮವೆಂದು ಒಪ್ಪುವ ಧೈರ್ಯ ಬೇಕು, ಒಬ್ಬರನ್ನೇ ಆರಿಸಬೇಕಾದರೆ ಇನ್ನೊಂದು ಅವಕಾಶ ಕೊಡುವ ತಾಳ್ಮೆ ಬೇಕು. ಇಷ್ಟನ್ನು ಈಜಿನ ಲೋಕ ಒಂದು ಒಲಿಂಪಿಕ್ಸ್‌ನ ಮುಜುಗರದಿಂದ ಕಲಿತುಕೊಂಡಿತು. ಪ್ರತಿ ಮೇ ತಿಂಗಳೂ ಅಂಕಪಟ್ಟಿ ಹಿಡಿದು ಕೂರುವ ನಮಗೆ ಕಲಿಯಲು ಅದಕ್ಕಿಂತ ಹೆಚ್ಚಿನ ಅವಕಾಶಗಳಿವೆ.